ಬಚ್ಚಲಗೋಡೆಯ ಹಿಂದಿನ ಮಾತ್ರೆಗಳು

ಸೋಮವಾರ ಬೆಳಗ್ಗೆ ಠಾಣೆಗೆ ಬಂದ ದೂರು ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿತ್ತು. ಅದನ್ನು ತಂದವಳು ಕನ್ನಡಕದ ಅಂಗಡಿ ನಡೆಸುವ ಹೆಂಗಸು. ನಲವತ್ತರ ಆಸುಪಾಸು, ಅತ್ತೂ ಅತ್ತೂ ಮೂಗು ಕೆಂಪಾಗಿತ್ತು. ಅವಳ ಬೆನ್ನಿಗೇ ತಲೆಯಿಂದ ಕಾಲಿನವರೆಗೆ ಬಿಳಿ ಪುಡಿ ಮೆತ್ತಿಕೊಂಡ ಒಬ್ಬ ಮೇಸ್ತ್ರಿ ಬಂದ. ಅವಳು ಬಕೆಟ್ಟನ್ನು ಮೇಜಿನ ಮೇಲೆ ಇಡಲು ಹೋದಾಗ ಹೆಡ್ ಕಾನ್‌ಸ್ಟೆಬಲ್ ಹೌಹಾರಿ ಕಡತಗಳನ್ನು ತನ್ನತ್ತ ಎಳೆದುಕೊಂಡ.

"ಕೆಳಗಿಡಮ್ಮಾ, ಕೆಳಗಿಡಿ! ಏನದು?"

"ನಮ್ಮಮ್ಮನ ಮಾತ್ರೆ," ಎಂದಳು ಅವಳು. "ಅವಳ ಹೊಟ್ಟೆಗೆ ಹೋಗಬೇಕಾಗಿದ್ದ ಮಾತ್ರೆ."

ಹೆಡ್ ಕಾನ್‌ಸ್ಟೆಬಲ್ ಗೋಡೆಯ ಕಡೆ ನೋಡಿ ಮೊದಲು ಸಮಯ ಬರೆದುಕೊಂಡ: ಹತ್ತು ನಲವತ್ತು. ಠಾಣೆಯಲ್ಲಿ ಅವನಿಗೆ ‘ಗಡಿಯಾರ’ ಎಂದು ಹೆಸರು. ಚಹಾ ಬಂದರೂ ಎಷ್ಟು ಗಂಟೆಗೆ ಬಂತು ಎಂದು ಬರೆಯುವ ಆಸಾಮಿ. ಇನ್‌ಸ್ಪೆಕ್ಟರ್ ಮೇಡಂ ಅವನನ್ನು ಎಷ್ಟು ರೇಗಿಸಿದರೂ ಒಳಗೊಳಗೇ ಮೆಚ್ಚುತ್ತಿದ್ದರು, ಏಕೆಂದರೆ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಇವನ ಮುಂದೆ ಬಾಲ ಬಿಚ್ಚುತ್ತಿರಲಿಲ್ಲ.

ಮೇಡಂ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ನೆನೆದು ಮುದ್ದೆಯಾದ ಜಿಪ್ಸಂ ಬೋರ್ಡಿನ ತುಂಡುಗಳು. ನಡುನಡುವೆ ಹಾಳೆಯಿಂದ ಬಿಡಿಬಿಡಿಯಾಗಿ ಕತ್ತರಿಸಿದ ಮಾತ್ರೆಗಳು. ಒಂದೊಂದೂ ತನ್ನ ಬೆಳ್ಳಿ ಬಣ್ಣದ ಕಾಗದದೊಳಗೆ ಹಾಗೇ ಇತ್ತು.

ಮಗಳು ಹೇಳಿಕೆ ಕೊಟ್ಟಳು. ತಾಯಿಗೆ ಬಹಳ ಕಾಲದಿಂದ ಫಿಟ್ಸ್. ಮಾತ್ರೆ ನುಂಗುತ್ತ ಹೇಗೋ ಸುಧಾರಿಸಿಕೊಂಡಿದ್ದರು. ಹೋದ ತಿಂಗಳು ಒಂದು ಮುಂಜಾನೆ ಫಿಟ್ಸ್ ಬಂದದ್ದು ನಿಲ್ಲಲೇ ಇಲ್ಲ. ಆಸ್ಪತ್ರೆಗೆ ಸೇರಿಸಿದರೂ ಸಂಜೆಯೊಳಗೆ ತೀರಿಕೊಂಡರು. ಮಾತ್ರೆ ಸರಿಯಾಗಿ ಕೊಡುತ್ತಿದ್ದೀರಾ ಎಂದು ಡಾಕ್ಟರು ಕೇಳಿದಾಗ ಮನೆಯವರೆಲ್ಲ ತಲೆಯಾಡಿಸಿದ್ದರು. ಮನೆಯಲ್ಲಿ ಈಗ ಇರುವವನು ತಮ್ಮ ಒಬ್ಬನೇ, ಮದುವೆಯಾಗಿಲ್ಲ. ಬಚ್ಚಲಿನ ಗೋಡೆ ಒಳಗೊಳಗೇ ನೀರು ಕುಡಿದು ಊದಿಕೊಂಡಿತ್ತು. ಅದನ್ನು ತೆಗೆಸಿ ಹೊಸದು ಹಾಕಿಸೋಣವೆಂದು ಅವಳೇ ಮೇಸ್ತ್ರಿಯನ್ನು ಕರೆತಂದಿದ್ದಳು.

"ಕನ್ನಡಿ ಪೆಟ್ಟಿಗೆ ಕೆಳಗೆ ಒಂದು ತುಂಡು ಕಿತ್ತೆ ಮೇಡಂ," ಎಂದ ಮೇಸ್ತ್ರಿ. "ಗೋಡೆಯೊಳಗಿಂದ ಚಿಲ್ಲರೆ ಉದುರಿದ ಹಾಗೆ ಉದುರ್ತು. ಬೆಳ್ಳಿ ಥರ ಹೊಳೀತಿತ್ತು. ನಿಧಿ ಅಂದ್ಕೊಂಡು ಪಕ್ಕದ ಮನೆಯವ್ರನ್ನೂ ಕೂಗಿಬಿಟ್ಟೆ."

"ಕೂಗಿ?"

"ಮಾತ್ರೆ ಅಂತ ಗೊತ್ತಾಗೋ ಮುಂಚೆ ಪಾಲು ಕೇಳಿದ್ರು."

ಯಾರೂ ನಗಲಿಲ್ಲ. ಮಗಳು ಕಣ್ಣೊರೆಸಿಕೊಂಡು, "ಬರ್ಕೊಳ್ಳಿ ಮೇಡಂ," ಎಂದಳು. "ಮಾತ್ರೆ ಕೊಡೋಕೆ ಅಂತಲೇ ಹೋಮ್ ನರ್ಸ್ ಇಟ್ಕೊಂಡಿದ್ವಿ. ಮನೆಯವಳ ಥರ ನೋಡ್ಕೊಂಡ್ವಿ. ನಂಬಿಸಿ ಕತ್ತು ಕುಯ್ದಳು. ಅವಳನ್ನ ಬಿಡಬೇಡಿ."

ಹೋಮ್ ನರ್ಸ್ ಮೇಲೆ ಅನುಮಾನ ಎಂದು ನಮೂದಿಸಿ ಎಫ್.ಐ.ಆರ್. ದಾಖಲಾಯಿತು. ಈಗಲೇ ಹೋಗಿ ಅವಳನ್ನು ಕರೆತರುತ್ತೇನೆ ಎಂದು ಗಡಿಯಾರ ಟೋಪಿ ಹಾಕಿಕೊಂಡ.

"ಅವಸರ ಬೇಡ ಮಾರಾಯ," ಎಂದರು ಮೇಡಂ. "ಮೊದಲು ಗೋಡೆ ನೋಡೋಣ."

ಮನೆ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ದೊಡ್ಡ ಕೋಣೆಯ ಒಂದು ಮೂಲೆಯನ್ನು ಯಾವ ಕಾಲದಲ್ಲೋ ಬೇರ್ಪಡಿಸಿ ಬಚ್ಚಲು ಮಾಡಿದ್ದರು. ಇಟ್ಟಿಗೆಯ ಗೋಡೆಯಲ್ಲ, ತಗಡಿನ ಪಟ್ಟಿಗಳ ಚೌಕಟ್ಟು ನಿಲ್ಲಿಸಿ ಎರಡೂ ಬದಿಗೆ ಜಿಪ್ಸಂ ಬೋರ್ಡು ಹೊಡೆದು ಬಣ್ಣ ಬಳಿದಿದ್ದರು. ಎರಡು ಬೋರ್ಡಿನ ನಡುವೆ ಒಂದು ಗೇಣಿಗಿಂತ ಕಡಿಮೆ ಪೊಳ್ಳು, ಅದರೊಳಗೆ ನೀರಿನ ಪೈಪು. ಪೈಪಿನ ಒಂದು ಕೀಲು ಜಿನುಗಿ ಜಿನುಗಿ ಗೋಡೆ ಈ ಗತಿಗೆ ಬಂದಿತ್ತು.

ಪಕ್ಕದ ಮನೆಯ ಟೈಲರಮ್ಮ ಮತ್ತು ಕೆಳಮನೆಯ ಯಜಮಾನರು ಪಂಚರಾದರು. ಉಳಿದ ಹಾಳು ಬೋರ್ಡನ್ನು ತಮ್ಮ ಕಣ್ಣೆದುರೇ ತೆಗೆಯಬೇಕೆಂದು ಮೇಡಂ ಮೇಸ್ತ್ರಿಗೆ ಹೇಳಿದರು.

"ಸುತ್ತಿಗೆ ಹಾಕಬೇಡ. ಒಳಗಿರೋದು ಒಂದೂ ಕದಲಬಾರದು."

ಮೇಸ್ತ್ರಿಗೆ ರೋಷ ಬಂತು. "ಸುತ್ತಿಗೆ ಹಾಕೋರು ಇಟ್ಟಿಗೆಯವ್ರು ಮೇಡಂ. ನಾವು ಕುಯ್ಯೋರು."

ಅವನು ನೀರಿನ ವಾಲ್ವು ಮುಚ್ಚಿದ, ಬಚ್ಚಲಿನ ಕರೆಂಟು ತೆಗೆಸಿದ, ಮೂಗಿಗೆ ಬಟ್ಟೆ ಕಟ್ಟಿಕೊಂಡ. ಬೋರ್ಡನ್ನು ಬೆರಳಿನಿಂದ ಒತ್ತುತ್ತ ಮೇಲಕ್ಕೆ ಹೋದ. ಗಟ್ಟಿ ಸಿಕ್ಕ ಜಾಗದಿಂದ ಇನ್ನೊಂದು ಗೇಣು ಬಿಟ್ಟು ಅಡ್ಡಲಾಗಿ ಪೆನ್ಸಿಲ್ ಗೆರೆ ಎಳೆದ. ಕನ್ನಡಿ ಪೆಟ್ಟಿಗೆಯನ್ನು ಬಿಚ್ಚಿ ಪಂಚರ ಕೈಗೆ ಕೊಟ್ಟ. ಆಮೇಲೆ ಗೆರೆಯ ಮೇಲೆ ಚಾಕು ಆಡಿಸಿ, ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ತೆಗೆದು, ಬೋರ್ಡನ್ನು ಮೇಲಿನಿಂದ ಮೆಲ್ಲಗೆ ತನ್ನ ಕಡೆಗೆ ಬಾಗಿಸಿದ. ಮೇಲ್ಭಾಗ ಹಲಗೆಯಂತೆ ಬಂತು. ಕೆಳಭಾಗ ಹಾಲಿನಲ್ಲಿ ಅದ್ದಿದ ಬ್ರೆಡ್ಡಿನಂತೆ ಕೈಯಲ್ಲೇ ಕಿತ್ತುಬಂತು. ಕಪ್ಪು ಬೂಷ್ಟಿನ ವಾಸನೆ ಕೋಣೆಯೆಲ್ಲ ತುಂಬಿತು. ಕೆಳಮನೆಯ ಯಜಮಾನರು ಪಂಚರಾಗಿ ಒಪ್ಪಿಕೊಂಡದ್ದಕ್ಕೆ ತಮ್ಮನ್ನೇ ಬೈದುಕೊಂಡರು.

ತಳದ ತಗಡಿನ ಪಟ್ಟಿಯಲ್ಲಿ ಶೇವಿಂಗ್ ಬ್ಲೇಡುಗಳ ಒಂದು ರಾಶಿ. ಕೆಳಗಿನವು ಒಂದಕ್ಕೊಂದು ಅಂಟಿ ತುಕ್ಕಿನ ಮುದ್ದೆಯಾಗಿದ್ದವು. ಅದರ ಮೇಲೆ ಮಾತ್ರೆಗಳು. ಮಾತ್ರೆಗಳ ನಡುವೆ ಮತ್ತೆ ಕೆಲವು ಬ್ಲೇಡು, ಅವು ಮಾತ್ರ ಇನ್ನೂ ಹೊಳೆಯುತ್ತಿದ್ದವು.

"ಅಯ್ಯೋ, ಅಪ್ಪನ ಬ್ಲೇಡು!" ಎಂದಳು ಮಗಳು. "ಆ ಪೆಟ್ಟಿಗೆ ಹಿಂಭಾಗದಲ್ಲಿ ಒಂದು ಸೀಳಿದೆ ಮೇಡಂ. ಮಕ್ಕಳ ಕೈಗೆ ಸಿಗಬಾರದು ಅಂತ ಅಪ್ಪ ಹಳೇ ಬ್ಲೇಡನ್ನ ಅದರೊಳಗೆ ತಳ್ತಿದ್ರು. ನಮ್ಮನೇಲಿ ಅಪಾಯದ್ದೆಲ್ಲ ಗೋಡೆಗೇ. ನನಗೆ ಮರೆತೇಹೋಗಿತ್ತು."

ಮೇಡಂ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದರು. ಒಳಗೆ ಹೂವಿನ ಚಿತ್ರದ ಕಾಗದ ಅಂಟಿಸಿತ್ತು. ಸೀಳು ಎಲ್ಲೂ ಕಾಣಲಿಲ್ಲ. ಬೆರಳಾಡಿಸಿದಾಗ ಒಂದು ಕಡೆ ಕಾಗದದ ಕೆಳಗಿನ ಅಂಚು ಮಾತ್ರ ಬಿಟ್ಟುಕೊಂಡಿತ್ತು. ಎತ್ತಿದರೆ ಅದರ ಹಿಂದೆ ಸೀಳು.

"ಈ ಕಾಗದ ಯಾವಾಗ ಅಂಟಿಸಿದ್ದು?"

"ಅಪ್ಪ ತೀರಿಕೊಂಡ ವರ್ಷ. ಅಮ್ಮನೇ ಅಂಟಿಸಿದ್ದು."

"ಹೋಮ್ ನರ್ಸ್ ಬಂದದ್ದು?"

"ಅದಾಗಿ ಎಷ್ಟೋ ವರ್ಷದ ಮೇಲೆ."

ತಾನು ಏನು ಹೇಳಿದೆನೆಂದು ಅವಳಿಗೆ ಹೊಳೆಯಲಿಲ್ಲ. ಮೇಡಂಗೆ ಹೊಳೆಯಿತು. ಅವರು ಪಂಚನಾಮೆಗೆ ಸಹಿ ಹಾಕಿಸಿದರು.

ಅಷ್ಟರಲ್ಲಿ ತಮ್ಮ ಬಂದ. ಮುದ್ರಣಾಲಯದಲ್ಲಿ ಕೆಲಸ, ಬೆರಳುಗಳಲ್ಲಿ ಶಾಯಿ, ಗದ್ದ ನುಣ್ಣಗೆ ಕೆರೆದದ್ದು. ಬಚ್ಚಲಿನ ಬಾಗಿಲಲ್ಲೇ ನಿಂತ, ಒಳಗೆ ಕಾಲಿಡಲಿಲ್ಲ.

"ಮೇಸ್ತ್ರಿ ಬಂದಾಗ ಇವನು ಇದ್ದಿದ್ರೆ ಗೋಡೆ ಇವತ್ತೂ ಹಾಗೇ ಇರ್ತಿತ್ತು," ಎಂದಳು ಅಕ್ಕ. "ಇರಲಿ ಬಿಡಕ್ಕ, ಆಮೇಲೆ ನೋಡೋಣ, ಅಂತ ತಳ್ಳಿಕೊಂಡೇ ಬಂದ."

ಮೇಡಂ ಅವನನ್ನು ಕಿಟಕಿಯ ಬಳಿಗೆ ಕರೆದರು.

"ರಾತ್ರಿ ಮಾತ್ರೆ ಯಾರು ಕೊಡ್ತಿದ್ರು?"

"ಹೋಮ್ ನರ್ಸೇ. ಹೊರಡೋ ಮುಂಚೆ ಕೊಟ್ಟು ಹೋಗ್ತಿದ್ರು."

"ನೀವು ನೋಡಿದ್ದೀರಾ?"

"ನಾನು ಬರೋಷ್ಟರಲ್ಲಿ ಅವರು ಹೋಗಿರ್ತಿದ್ರು."

"ನೀವು ಯಾವತ್ತೂ ಕೊಟ್ಟಿಲ್ಲ?"

"ಇಲ್ಲ."

ಅವನು ನೆಲ ನೋಡುತ್ತ ಉತ್ತರಿಸಿದ. ತಾಯಿ ಸತ್ತವನು ನೆಲ ನೋಡುವುದು ಅಪರಾಧವಲ್ಲ. ಮೇಡಂ ಅಷ್ಟಕ್ಕೇ ಬಿಟ್ಟರು.

ಠಾಣೆಗೆ ಮರಳಿದಾಗ ಹೋಮ್ ನರ್ಸ್ ತಾನಾಗಿಯೇ ಬಂದು ಬೆಂಚಿನ ಮೇಲೆ ಕೂತಿದ್ದಳು, ಪಕ್ಕದಲ್ಲಿ ಬಟ್ಟೆಯ ಚೀಲ. ಐವತ್ತು ದಾಟಿದ ಗಟ್ಟಿ ಹೆಂಗಸು. ಕೇಸಿನ ಸುದ್ದಿ ಅವಳ ಏಜೆನ್ಸಿಗೆ ಮುಟ್ಟಿತ್ತು. ಈಗ ನೋಡಿಕೊಳ್ಳುತ್ತಿದ್ದ ಮುದುಕರ ಮನೆಯಿಂದ ಮಧ್ಯಾಹ್ನವೇ ಅವಳನ್ನು ಹೊರಗೆ ಕಳಿಸಿದ್ದರು. ಅವಳು ಅಳುತ್ತಿರಲಿಲ್ಲ. ಕೋಪದಿಂದ ಕುದಿಯುತ್ತಿದ್ದಳು.

"ಹೊರಡುವಾಗ ನನ್ನ ಚೀಲ ಬಿಚ್ಚಿ ನೋಡಿದ್ರು ಮೇಡಂ," ಎಂದಳು. "ಅವರಪ್ಪನ ಹೇಲು ಉಚ್ಚೆ ಬಾಚಿದ ಕೈ ಇದು. ಕಳ್ಳಿ ಅನ್ನೋ ಹಾಗೆ ಚೀಲ ಬಿಚ್ಚಿದ್ರು. ಈ ಕೇಸು ನನ್ನ ತಲೆ ಮೇಲೆ ನಿಂತ್ರೆ ಇನ್ನು ಯಾವ ಮನೆ ಬಾಗಿಲೂ ನನಗೆ ತೆಗೆಯಲ್ಲ. ಜೈಲಿಗೆ ಹೋದ್ರೆ ಊಟನಾದ್ರೂ ಸಿಗುತ್ತೆ, ಹೊರಗಿದ್ರೆ ಅದೂ ಇಲ್ಲ. ನನಗೆ ಬೇರೆ ಕೆಲಸ ಬರಲ್ಲ."

"ಕೇಳಿದ್ದಕ್ಕೆ ಉತ್ತರ ಹೇಳಿ, ಸಾಕು. ರಾತ್ರಿ ಮಾತ್ರೆ ಯಾರು ಕೊಡ್ತಿದ್ರು?"

"ಮಗ."

"ಮಗ ನೀವೇ ಅಂತಾರೆ."

ಅವಳ ಬಾಯಿ ಅರ್ಧಕ್ಕೆ ತೆರೆದೇ ಉಳಿಯಿತು. "ಅವರು ಹಾಗಂದ್ರಾ?"

"ಅಂದ್ರು."

"ರಾತ್ರಿ ಮಾತ್ರೆ ಊಟ ಆದ ಮೇಲೆ ಮೇಡಂ. ನಾನು ಸಂಜೆ ಏಳಕ್ಕೆ ಹೊರಡೋಳು. ಆಗಲೇ ಕೊಟ್ರೆ ಅಜ್ಜಿ ತೂಕಡಿಸಿ ತಟ್ಟೆ ಮೇಲೇ ಬೀಳೋರು. ಅದಕ್ಕೇ ಒಂದು ಕತ್ತರಿಸಿ ಇಟ್ಟು ಹೋಗ್ತಿದ್ದೆ. ಮಗ ಬಂದು ಊಟ ಮಾಡಿಸಿ ಕೊಡಬೇಕು."

ಮೇಡಂ ಸಾಕ್ಷ್ಯದ ಪ್ಲಾಸ್ಟಿಕ್ ಕವರನ್ನು ಮುಂದೆ ಇಟ್ಟರು. "ಇದು ನೀವು ಕತ್ತರಿಸಿದ್ದಾ?"

ಅವಳು ಒಂದೇ ಸಲ ನೋಡಿದಳು. "ನಾನೇ."

"ಒಪ್ಪಿಕೊಂಡ್ರು ಮೇಡಂ!" ಗಡಿಯಾರ ಪೆನ್ನು ಎತ್ತಿದ. "ನಾಲ್ಕು ಹದಿನೈದು."

"ಸುಮ್ನಿರಯ್ಯಾ. ಅಮ್ಮಾ, ನೀವು ಕತ್ತರಿಸಿದ್ದೇ ಅಂತ ಹೇಗೆ ಹೇಳ್ತೀರಿ?"

"ಮೂಲೆ ನೋಡಿ. ನಾಲ್ಕೂ ಮೂಲೆ ಗುಂಡಗೆ ಕತ್ತರಿಸಿದ್ದೀನಿ. ಹಾಳೆ ಮೂಲೆ ಚೂಪಾಗಿರುತ್ತೆ. ಅಜ್ಜಿ ಚರ್ಮ ಈರುಳ್ಳಿ ಸಿಪ್ಪೆ ಥರ, ಸುಮ್ನೆ ತಾಗಿದ್ರೂ ರಕ್ತ. ಮಗ ಬರೋ ತನಕ ಮಾತ್ರೆನ ಮುಷ್ಟಿಯಲ್ಲಿ ಹಿಡ್ಕೊಂಡೇ ಕೂರೋರು, ಇಲ್ಲದಿದ್ರೆ ಮರೆತುಹೋಗ್ತೀನಿ ಅಂತ. ಒಂದ್ಸಲ ಅಂಗೈಯೆಲ್ಲ ಗೀರಿತ್ತು. ಅವತ್ತಿಂದ ಗುಂಡಗೆ ಕತ್ತರಿಸ್ತಿದ್ದೆ."

"ಹಗಲಿನ ಮಾತ್ರೆಗಳು?"

"ಅದನ್ನ ಯಾಕೆ ಕತ್ತರಿಸಲಿ? ಹಾಳೆಯಿಂದ ಒತ್ತಿ ನೇರ ಬಾಯಿಗೇ ಹಾಕ್ತಿದ್ದೆ, ನಾನೇ ಎದುರಿಗಿರ್ತೀನಲ್ಲ."

"ಬಾತ್‌ರೂಮಿನ ಕನ್ನಡಿ ಪೆಟ್ಟಿಗೆಯ ಸೀಳು?"

"ಯಾವ ಸೀಳು? ಅದು ಬಿರುಕು ಬಿಟ್ಟಿತ್ತಾ?"

ಮೇಡಂ ಕವರನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ಒಂದೊಂದು ಮಾತ್ರೆಗೂ ನಾಲ್ಕು ಮೂಲೆ, ನಾಲ್ಕೂ ಉರುಟು. ನೀರು ತರಿಸಿ ಕುಡಿದರು.

"ಏನಯ್ಯಾ," ಎಂದರು ಗಡಿಯಾರನಿಗೆ, ಅವಳು ಹೊರಗೆ ಹೋದ ಮೇಲೆ. "ಗೋಡೆಯೊಳಗೆ ಬಿಸಾಕೋ ಮಾತ್ರೆಗೆ ಮೂಲೆ ಯಾರು ಸವರ್ತಾರೆ?"

ಅವನು ಯೋಚಿಸಿದ. "ಬಿಸಾಕೋ ಕಾಗದನ ನಾನು ಮಡಿಸೋದೂ ಇಲ್ಲ ಮೇಡಂ." ಸ್ವಲ್ಪ ತಡೆದು, "ಆ ಹೊಳೆಯೋ ಬ್ಲೇಡು..." ಎಂದ.

"ಹೂಂ. ಅಪ್ಪ ಹೋದ ಮೇಲೂ ಆ ಮನೇಲಿ ಯಾರೋ ಬ್ಲೇಡನ್ನ ಗೋಡೆಗೆ ಹಾಕ್ತಿದ್ದಾರೆ. ಆ ಮನೇಲಿ ಗದ್ದ ಕೆರೆಯೋನು ಒಬ್ಬನೇ."

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಕೊನೆಯ ದಿನ ತೆಗೆದ ರಕ್ತದಲ್ಲಿ ಮಾತ್ರೆಯ ಅಂಶ ತೀರಾ ಕಡಿಮೆ ಇತ್ತು ಎಂದು ಡಾಕ್ಟರು ಹೇಳಿದರು. ಈ ಮಾತ್ರೆಯನ್ನು ಒಂದು ದಿನ ಕೊಟ್ಟು ಒಂದು ದಿನ ಬಿಡುವುದು ಬೆಂಕಿಯ ಜೊತೆ ಆಟ ಆಡಿದ ಹಾಗೆ. ಯಾವ ಕ್ಷಣದಲ್ಲಾದರೂ ಫಿಟ್ಸ್ ಉಕ್ಕಬಹುದು.

ಆಮೇಲೆ ಟೈಲರಮ್ಮನ ಮನೆ. ಅವಳು ಹೊಲಿಗೆ ಯಂತ್ರದಿಂದ ಏಳದೆಯೇ ಮಾತಾಡಿದಳು.

"ರಾತ್ರಿ ಆ ಮನೆಯಿಂದ ಏನಾದರೂ ಸದ್ದು?"

"ಸದ್ದೇನು, ಮಾತು. ಅಮ್ಮ ಮಗ ಕೂತು ಮಾತಾಡೋರು. ಒಂದೊಂದ್ಸಲ ಇಬ್ಬರೂ ಹೊಟ್ಟೆ ಹುಣ್ಣಾಗೋ ಹಾಗೆ ನಗೋರು. ಹಗಲು ನಾನು ಹೋದ್ರೆ ಆ ಅಮ್ಮನಿಗೆ ನನ್ನ ಗುರುತೂ ಸಿಗ್ತಿರಲಿಲ್ಲ, ಸದಾ ಮಂಪರು. ರಾತ್ರಿ ನೋಡಿದ್ರೆ ಹೀಗೆ! ನಾನು ಖುಷಿಪಟ್ಟೆ ಮೇಡಂ."

"ದಿನಾನಾ?"

"ಹೆಚ್ಚಾಗಿ ಶನಿವಾರ. ಮಾರನೇ ದಿನ ಅವನಿಗೆ ರಜ ಅಲ್ವಾ? ಕೊನೆಕೊನೆಗೆ ನಡುವಾರದಲ್ಲೂ ಕೇಳಿಸ್ತಿತ್ತು."

ಬುಧವಾರ ಬೆಳಗ್ಗೆ ತಮ್ಮನನ್ನು ಠಾಣೆಗೆ ಕರೆಸಿದರು. ಹೋಮ್ ನರ್ಸ್ ಹೊರಗಿನ ಬೆಂಚಿನ ಮೇಲಿದ್ದಳು. ಅವಳ ಮುಂದೆಯೇ ಹಾದು ಒಳಗೆ ಬರಬೇಕಿತ್ತು. ಅವನು ಹಾದು ಬಂದ, ತಲೆ ಎತ್ತಲಿಲ್ಲ.

"ಹಳೇ ಬ್ಲೇಡು ಎಲ್ಲಿ ಹಾಕ್ತೀರಿ?" ಎಂದು ಕೇಳಿದರು ಮೇಡಂ.

ಅವನು ಅಂಗೈಯಿಂದ ತನ್ನ ಗದ್ದ ಸವರಿಕೊಂಡ.

"ಕಸದ ಬುಟ್ಟೀಲಿ ಹಾಕ್ತೀನಿ ಅಂತ ಹೇಳಬಹುದು. ಆದರೆ ಗೋಡೆಯಲ್ಲಿ ನಿಮ್ಮ ಬ್ಲೇಡು ಮಾತ್ರೆಗಳ ನಡುವೆನೇ ಸಿಕ್ಕಿವೆ. ಹೊರಗೆ ಕೂತಿದ್ದಾರಲ್ಲ, ಅವರಿಗೆ ಆ ಸೀಳು ಇದೆ ಅಂತಲೇ ಗೊತ್ತಿಲ್ಲ. ಅವರನ್ನ ಕೆಲಸದಿಂದ ತೆಗೆದಿದ್ದಾರೆ. ಇನ್ನು ನಾನು ಅವರನ್ನ ಕೋರ್ಟಿಗೆ ಕಳಿಸ್ಲಾ? ನೀವು ಹೇಳಿ."

ಅವನು ಶಾಯಿಯ ಬೆರಳುಗಳಿಂದ ಮುಖ ಮುಚ್ಚಿಕೊಂಡ. ಗಡಿಯಾರನ ಪೆನ್ನು ಕಾಯುತ್ತಿತ್ತು.

"ಮೊದಲನೇ ಸಲ ಬೇಕೂಂತ ಮಾಡಿದ್ದಲ್ಲ ಮೇಡಂ," ಎಂದ ಕೊನೆಗೆ. "ಒಂದು ಶನಿವಾರ ಪ್ರೆಸ್ಸಲ್ಲಿ ತಡ ಆಯ್ತು. ಬಂದಾಗ ಅಮ್ಮ ಮಾತ್ರೆ ಹಿಡ್ಕೊಂಡೇ ಮಲಗಿಬಿಟ್ಟಿದ್ಲು. ಎಬ್ಬಿಸ್ಲಿಲ್ಲ. ನಡುರಾತ್ರಿ ಎದ್ದು ಕೂತ್ಕೊಂಡು, ಪುಟ್ಟಾ, ಊಟ ಮಾಡಿದ್ಯಾ ಅಂತ ಕೇಳಿದ್ಲು. ಅವಳ ಬಾಯಲ್ಲಿ ನನ್ನ ಹೆಸರು ಕೇಳಿ ಎಷ್ಟು ಕಾಲ ಆಗಿತ್ತೋ. ಮಾತ್ರೆ ತಗೊಂಡ್ರೆ ನಾನು ಯಾರು ಅಂತಲೇ ಅವಳಿಗೆ ತಿಳೀತಿರಲಿಲ್ಲ. ಅವತ್ತು ಬೆಳಗಾಗೋ ತನಕ ಮಾತಾಡಿದ್ಲು. ಅಪ್ಪ ಹೆಣ್ಣು ನೋಡೋಕೆ ಬರುವಾಗ ಸೈಕಲ್ಲಿಂದ ಬಿದ್ದು ಕೆಸರು ಮೆತ್ಕೊಂಡೇ ಬಂದಿದ್ದು ಹೇಳಿ ಹೇಳಿ ನಕ್ಕಳು. ಆಮೇಲಿನ ಶನಿವಾರ ನನಗೆ ತಡೆಯೋಕಾಗ್ಲಿಲ್ಲ. ಇದೊಂದೇ ಸಲ ಅಂದ್ಕೊಂಡೆ. ಪ್ರತಿ ಸಲವೂ ಇದೊಂದೇ ಸಲ ಅಂದ್ಕೊಂಡೆ."

"ಗೋಡೆಗೆ ಯಾಕೆ ಹಾಕಿದ್ರಿ?"

"ಒಡೆದು ಬಿಸಾಕೋಕೆ ಮನಸ್ಸು ಬರಲಿಲ್ಲ. ನಾಳೆ ಕೊಡೋಣ ಅಂತ ಪೆಟ್ಟಿಗೇಲಿ ಇಟ್ಟೆ. ಬೆಳಗ್ಗೆ ನರ್ಸಮ್ಮ ಬರೋ ಸದ್ದಾಯ್ತು, ಗಾಬರೀಲಿ ಸೀಳಿಗೆ ತಳ್ಳಿದೆ. ಆಮೇಲೆ ಅದೇ ಅಭ್ಯಾಸ ಆಯ್ತು."

"ಅವರ ಮೇಲೆ ಸುಳ್ಳು ಯಾಕೆ ಹೇಳಿದ್ರಿ?"

"ಅಕ್ಕನಿಗೆ ಗೊತ್ತಾಗಬಾರದಿತ್ತು," ಎಂದ. ಆಮೇಲೆ ಬಿಕ್ಕಿಬಿಕ್ಕಿ ಅತ್ತ.

ಹನ್ನೊಂದು ಐವತ್ತಕ್ಕೆ ಅವನ ಬಂಧನವಾಯಿತು: ನಿರ್ಲಕ್ಷ್ಯದಿಂದ ತಾಯಿಯ ಸಾವಿಗೆ ಕಾರಣ, ಸುಳ್ಳು ಮಾಹಿತಿ. ಹೋಮ್ ನರ್ಸ್ ಮೇಲೆ ಯಾವ ಆರೋಪವೂ ಇಲ್ಲವೆಂದು ಮೇಡಂ ತಾವೇ ಏಜೆನ್ಸಿಗೆ ಫೋನ್ ಮಾಡಿ, ಅವಳನ್ನು ಇವತ್ತೇ ಕೆಲಸಕ್ಕೆ ಕಳಿಸಬೇಕೆಂದು ಗದರಿಸಿದರು. ಅಷ್ಟು ಗದರಿಸುವ ಅಧಿಕಾರ ಅವರಿಗೆ ಇರಲಿಲ್ಲ. ಆ ಕಡೆಯವರಿಗೆ ಅದು ಗೊತ್ತಿರಲಿಲ್ಲ.

ಹೋಮ್ ನರ್ಸ್ ಒಳಗೆ ಬಂದು ಅವನ ಎದುರು ನಿಂತಳು. ಬೈಯುತ್ತಾಳೆ ಎಂದೇ ಎಲ್ಲರೂ ಅಂದುಕೊಂಡರು.

"ಮಂಪರು ಜಾಸ್ತಿ ಆಗ್ತಿದೆ, ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ, ಬೇರೆ ಮಾತ್ರೆ ಕೊಡ್ತಾರೆ ಅಂತ ಹೇಳಿದ್ನಲ್ಲ ನಿಮಗೆ," ಎಂದಳು. "ಹೇಳಿದ್ನೋ ಇಲ್ವೋ?"

"ಹೇಳಿದ್ರಿ."

"ಮತ್ತೆ?"

"ರಜ ಕೇಳಬೇಕಿತ್ತು. ಮುಂದಿನ ವಾರ, ಮುಂದಿನ ವಾರ ಅಂದ್ಕೊಂಡೆ."

ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಅಂಗಳದಲ್ಲಿ ಜೀಪು ನಿಂತಿತ್ತು. ತಮ್ಮನ ಹೇಳಿಕೆಯ ಸುದ್ದಿ ತಿಳಿದು ಅಕ್ಕ ಅಂಗಡಿ ಮುಚ್ಚಿ ಓಡಿ ಬಂದಿದ್ದಳು. ಅವಳು ಹೋಮ್ ನರ್ಸಿನ ಕೈ ಹಿಡಿಯಲು ಹೋದಾಗ ಆಕೆ ಕೈ ಬಿಡಿಸಿಕೊಂಡು ಮುಂದೆ ನಡೆದಳು. ತಮ್ಮನನ್ನು ಹೊರಗೆ ಕರೆತಂದರು. ಅಕ್ಕ ಅವನ ಕೆನ್ನೆಗೆ ಪಟೀರೆಂದು ಬಾರಿಸಿದಳು. ಗಡಿಯಾರ ಅಡ್ಡ ಬರಲು ಹೋದ, ಮೇಡಂ ತಡೆದರು.

"ಅಮ್ಮ ನಿಜವಾಗ್ಲೂ ಮಾತಾಡ್ತಿದ್ಲೇನೋ?" ಎಂದಳು ಅಕ್ಕ.

"ಹೂಂ."

"ನನ್ನನ್ನ ಕೇಳಿದ್ಲಾ?"

"ಪ್ರತಿ ಶನಿವಾರ ಕೇಳ್ತಿದ್ಲು. ನಾಳೆ ಭಾನುವಾರ ಅಲ್ವಾ, ಅಕ್ಕ ಬರ್ತಾಳೆ ಅಂತಿದ್ದೆ."

"ಭಾನುವಾರ ನಾನು ಬಂದಾಗೆಲ್ಲ ನಿದ್ದೆ ಮಾಡ್ತಾನೇ ಇರ್ತಿದ್ಲಲ್ಲೋ! ಎಷ್ಟು ಕೂಗಿದ್ರೂ ಕಣ್ಣು ಬಿಡ್ತಿರಲಿಲ್ಲ."

ಅವನು ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತ.

"ಮಲಗಮ್ಮ ಅಂದ್ರೆ ಕೇಳ್ತಿರಲಿಲ್ಲ ಅಕ್ಕ. ನೀನು ಬರೋ ಹೊತ್ತಿಗೆ ಎದ್ದಿರಬೇಕು ಅಂತ ರಾತ್ರಿಯೆಲ್ಲ ಕೂತೇ ಇರ್ತಿದ್ಲು."